ದೋಣಿಯ ಹೊಗೆ

ತರ್ಕಶಾಸ್ತ್ರದಲ್ಲಿ ಅನುಮಾನದ ಪಾಠ ಹೊಗೆಯಿಂದ ಆರಂಭವಾಗುತ್ತದೆ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆ ಇರುವಲ್ಲಿ ಬೆಂಕಿ ಇರುವುದನ್ನು ಅಡಿಗೆಮನೆಯಲ್ಲಿ ಕಂಡು ಬಲ್ಲೆವು. ಆದುದರಿಂದ ಬೆಟ್ಟದ ಮೇಲೂ ಬೆಂಕಿ ಉಂಟು. ತಲೆಮಾರುಗಳಿಂದ ವಿದ್ಯಾರ್ಥಿಗಳು ಇದನ್ನು ಉರು ಹಾಕುತ್ತ ಬಂದಿದ್ದಾರೆ. ಅವರಲ್ಲಿ ನಾನೂ ಒಬ್ಬ. ಉರು ಹಾಕಿದ ನಮ್ಮಲ್ಲಿ ಹೆಚ್ಚಿನವರಿಗೆ ಆ ಬೆಟ್ಟವನ್ನು ಹತ್ತಿ ನೋಡುವ ಪ್ರಸಂಗ ಬರುವುದೇ ಇಲ್ಲ. ನನಗೆ ಈ ಪಾಠದ ಪ್ರಯೋಗವನ್ನು ಕಣ್ಣಾರೆ ಕಾಣುವ ಅವಕಾಶ ದೊರೆತದ್ದು ಕಡಲ ತಡಿಯಲ್ಲಿ. ಕಾಣಿಸಿಕೊಟ್ಟವರು ದೋಣಿಯ ಇಂಜಿನುಗಳನ್ನು ದುರಸ್ತಿ ಮಾಡುತ್ತ ಮುದುಕರಾದ ಒಬ್ಬ ಫಿಟ್ಟರು. ಅವರಿಂದ ನಾನು ತಿಳಿದುಕೊಂಡದ್ದನ್ನೂ, ಆ ಬಳಿಕ ಕುತೂಹಲದಿಂದ ಓದಿಕೊಂಡದ್ದನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನ.

ಕರಾವಳಿಯವರ ಕಿವಿಗೆ ಇಂದು ಇಂಜಿನಿನ ಸದ್ದು ತೆರೆಯ ಮೊರೆತದಷ್ಟೇ ಪರಿಚಿತ. ಆದರೆ ಅದು ಬಹಳ ಹಳೆಯದೇನೂ ಅಲ್ಲ. ರುಡಾಲ್ಫ್ ಡೀಸೆಲ್ ತನ್ನ ಯಂತ್ರವನ್ನು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ್ದು ೧೮೯೭ರಲ್ಲಿ. ೧೯೧೨ರಲ್ಲಿ ಡೆನ್ಮಾರ್ಕಿನ ‘ಸೆಲಾಂಡಿಯಾ’ ಎಂಬ ಹಡಗು ಅದೇ ಬಗೆಯ ಯಂತ್ರಗಳ ಬಲದಿಂದ ಮಹಾಸಾಗರಗಳನ್ನು ದಾಟಿತು. ಉಗಿಹಡಗಿಗೆ ಕಿರೀಟದಂತಿದ್ದ ದಪ್ಪ ಹೊಗೆಗೊಳವಿ ಅದಕ್ಕೆ ಇರಲಿಲ್ಲ. ಮರುವರ್ಷ, ೧೯೧೩ರ ಸೆಪ್ಟೆಂಬರಿನ ಒಂದು ರಾತ್ರಿ, ಬೆಲ್ಜಿಯಮಿನಿಂದ ಇಂಗ್ಲೆಂಡಿಗೆ ಹೊರಟಿದ್ದ ಉಗಿಹಡಗಿನಿಂದ ಡೀಸೆಲ್ ಕಾಣೆಯಾದನು. ಕೆಲವು ದಿನಗಳ ಮೇಲೆ ಅವನ ದೇಹ ಕಡಲಿನಲ್ಲಿ ತೇಲುತ್ತಿದ್ದುದು ಕಂಡಿತು. ಜಗತ್ತಿನ ದೋಣಿಗಳಿಗೆಲ್ಲ ಯಂತ್ರ ಕೊಟ್ಟವನ ಕೊನೆ ಕಡಲಿನಲ್ಲೇ ಆದದ್ದು ಒಂದು ಸೋಜಿಗ. ನಮ್ಮ ಪಶ್ಚಿಮ ತೀರದಲ್ಲಿ ಮೀನುಗಾರರ ದೋಣಿಗೆ ಯಂತ್ರ ಜೋಡಿಸುವ ಕೆಲಸಕ್ಕೆ ವ್ಯವಸ್ಥಿತವಾದ ಚಾಲನೆ ದೊರೆತದ್ದು ೧೯೫೨ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಮಾಡಿಕೊಂಡ ಒಪ್ಪಂದದಿಂದ. ಮರುವರ್ಷ ಕೊಲ್ಲಂ ಬಳಿಯ ನೀಂಡಕರೆಯಲ್ಲಿ ಆ ಯೋಜನೆ ಕೆಲಸ ಆರಂಭಿಸಿತು. ಮುಂದಿನ ದಶಕಗಳಲ್ಲಿ ನಮ್ಮ ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರಗಳಲ್ಲೂ ಹಾಯಿ ಮತ್ತು ಹುಟ್ಟುಗಳ ಕೆಲಸವನ್ನು ಬಹುಮಟ್ಟಿಗೆ ಇಂಜಿನು ವಹಿಸಿಕೊಂಡಿತು.

ಇಂಜಿನು ಬಂದರೆ ಅದರೊಡನೆ ಹೊಗೆಯೂ ಬರಬೇಕಷ್ಟೆ. ನಾವು ಇಂಜಿನಿಗೆ ಕುಡಿಸುವ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಿಸಿಹೊಗೆಯಾಗಿ ಹೊರಗೆ ಹೋಗುತ್ತದೆ. ಪೂರ್ಣ ಹೊರೆಯಲ್ಲಿ ದುಡಿಯುವಾಗ ಡೀಸೆಲ್ ಇಂಜಿನಿನಿಂದ ಹೊರಡುವ ಅನಿಲದ ಉಷ್ಣತೆ ೪೦೦ ಡಿಗ್ರಿ ಸೆಲ್ಷಿಯಸನ್ನು ಮೀರುವುದುಂಟು. ಲಾರಿಯಲ್ಲಿ ಈ ಹೊಗೆಯ ಕೊಳವೆ ಬಯಲಿನಲ್ಲಿ ಗಾಳಿಗೆ ಒಡ್ಡಿಕೊಂಡು ಸಾಗುತ್ತದೆ. ದೋಣಿಯಲ್ಲಾದರೋ ಇಂಜಿನು ಹೊಟ್ಟೆಯೊಳಗಿದೆ. ಸುತ್ತ ಮರವಿದೆ, ಎಣ್ಣೆಯಿದೆ, ಪಕ್ಕದ ಹಲಗೆಯ ಮೇಲೆ ಮನುಷ್ಯರು ಮಲಗುತ್ತಾರೆ. ಇವೆಲ್ಲವುಗಳ ನಡುವಿನಿಂದ ಆ ಬೆಂಕಿಯಂಥ ಉಸಿರನ್ನು ಯಾರಿಗೂ ತಾಕದಂತೆ ಹೊರಗೆ ಒಯ್ಯಬೇಕು.

ಇದಕ್ಕೆ ಎರಡು ದಾರಿಗಳಿವೆ. ಒಂದು ಒಣದಾರಿ: ಕಬ್ಬಿಣದ ಕೊಳವೆಗೆ ಶಾಖ ತಡೆಯುವ ಹೊದಿಕೆ ಸುತ್ತಿ ನೇರವಾಗಿ ಮೇಲಕ್ಕೆ ಏರಿಸುವುದು. ಇನ್ನೊಂದು ಒದ್ದೆದಾರಿ. ಇಂಜಿನನ್ನು ತಣಿಸಲೆಂದು ಪಂಪು ಕಡಲಿನಿಂದ ಸೆಳೆದುಕೊಂಡ ನೀರನ್ನು, ಅದರ ಕೆಲಸ ಮುಗಿದ ಮೇಲೆ, ಹೊಗೆಯ ಕೊಳವೆಯೊಳಕ್ಕೆ ಚಿಮ್ಮಿಸುತ್ತಾರೆ. ನೀರು ಸೇರುವ ಈ ಬಾಗಿದ ಭಾಗಕ್ಕೆ ಫಿಟ್ಟರುಗಳು ‘ಬೆಂಡು’ ಎನ್ನುತ್ತಾರೆ. ಅಲ್ಲಿಂದ ಮುಂದೆ ಹೊಗೆಯೂ ನೀರೂ ಕೂಡಿ ಸಾಗುತ್ತವೆ. ಹೊಗೆ ಎಷ್ಟು ತಣ್ಣಗಾಗುತ್ತದೆಂದರೆ ಮುಂದಿನ ದಾರಿಗೆ ರಬ್ಬರಿನ ಕೊಳವೆಯೇ ಸಾಕು. ಆ ಕೊಳವೆ ಸೈಲೆನ್ಸರನ್ನು ಹಾದು ದೋಣಿಯ ಹಿಂಬದಿಯಲ್ಲಿ ತೆರೆದುಕೊಳ್ಳುತ್ತದೆ. ಉಪಾಯ ಬಹಳ ಜಾಣತನದ್ದು. ಆದರೆ ಕೆಂಡದಂಥ ಹೊಗೆ, ಉಪ್ಪುನೀರು, ಬೀಡುಕಬ್ಬಿಣ ಈ ಮೂರೂ ಕೂಡುವ ಜಾಗ ಬೆಂಡು. ಇಡೀ ಇಂಜಿನು ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಬೆಂಡು ಮುದಿಯಾಗಿರುತ್ತದೆ. ಹೊರಗಿನ ಬಣ್ಣ ಹೊಸದರಂತಿರುತ್ತದೆ. ಒಳಗೆ ತುಕ್ಕು, ಉಪ್ಪು, ಮಸಿ ಪದರಪದರವಾಗಿ ಕೂಡುತ್ತ ದಾರಿಯನ್ನು ಕಿರಿದು ಮಾಡುತ್ತಿರುತ್ತವೆ.

ಹೊಗೆಯ ಬಣ್ಣವೇ ರೋಗದ ಮೊದಲ ಲಕ್ಷಣ. ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚಾಯಿತು, ಇಲ್ಲವೆ ಅದನ್ನು ಸುಡುವಷ್ಟು ಗಾಳಿ ಸಾಲದಾಯಿತು ಎಂದರ್ಥ. ಗಾಳಿಯ ಜಾಲರಿ ಕಟ್ಟಿರಬಹುದು. ದೋಣಿಯ ತಳಕ್ಕೆ ಚಿಪ್ಪಿನ ಜೀವಿಗಳು ಅಂಟಿ ಬೆಳೆದೋ, ಪ್ರೊಪೆಲರಿಗೆ ಬಲೆಯ ಹಗ್ಗ ಸುತ್ತಿಕೊಂಡೋ ಇಂಜಿನಿಗೆ ಹೊರೆ ಹೆಚ್ಚಾಗಿರಬಹುದು. ಎಣ್ಣೆ ಸಿಂಪಡಿಸುವ ನಾಝಲ್ ಕೆಟ್ಟಿರಬಹುದು. ಇಲ್ಲವೆ ಹೊಗೆ ಹೊರಗೆ ಹೋಗುವ ದಾರಿಯೇ ಮುಚ್ಚಿರಬಹುದು. ಹಿಂದಿನ ಉಸಿರನ್ನು ಪೂರ್ತಿ ಬಿಡಲಾರದವನು ಮುಂದಿನ ಉಸಿರನ್ನು ತುಂಬಿಕೊಳ್ಳುವುದೆಂತು? ನೀಲಿಯ ಛಾಯೆಯ ಹೊಗೆ ಕೀಲೆಣ್ಣೆ ಸುಡುತ್ತಿರುವುದರ ಗುರುತು. ಸವೆದ ಪಿಸ್ಟನ್ ಉಂಗುರಗಳನ್ನೋ ಕವಾಟದ ನಾಳಗಳನ್ನೋ ಅಲ್ಲಿ ಶಂಕಿಸಬೇಕು.

ಬಿಳಿಯ ಹೊಗೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ತಾರ್ಕಿಕರು ಈ ಅಪಾಯವನ್ನು ಬಲ್ಲವರು: ದೂರದ ಬೆಟ್ಟದ ಮಂಜನ್ನು ಹೊಗೆಯೆಂದು ಭ್ರಮಿಸಿದವನು ಇಲ್ಲದ ಬೆಂಕಿಯನ್ನು ಸಾಧಿಸಹೊರಡುತ್ತಾನೆ. ಒದ್ದೆದಾರಿಯ ದೋಣಿಯಲ್ಲಿ ತಂಪಾದ ಬೆಳಗ್ಗೆ ಹಿಂಬದಿಯಿಂದ ತೆಳ್ಳಗೆ ಬಿಳಿ ಏಳುವುದು ಸಹಜ. ಅದು ಬರಿಯ ನೀರಾವಿ, ಕೊಂಚ ದೂರ ಹೋಗುವಷ್ಟರಲ್ಲಿ ಗಾಳಿಯಲ್ಲಿ ಕರಗಿ ಮಾಯವಾಗುತ್ತದೆ. ಅದೇ ಬಿಸಿಲೇರಿದ ಮೇಲೂ ದಟ್ಟವಾಗಿ ಬರುತ್ತಿದ್ದು, ಜೊತೆಗೆ ಬೀಳುವ ನೀರು ಕಡಿಮೆಯಾಗಿದ್ದರೆ, ತಣಿಸುವ ನೀರು ಸಾಲದೆ ಕುದಿಯುತ್ತಿದೆಯೆಂದು ತಿಳಿಯಬೇಕು. ಕರಗದೆ ನೀರಿನ ಮೇಲೆ ತೆವಳುತ್ತ, ಕಣ್ಣು ಉರಿಸುತ್ತ, ಅಲೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಜಿಡ್ಡನ್ನು ಬಿಡುವ ಬಿಳಿ ಬೇರೆಯೇ. ಅದು ಸುಡದೆ ಹೊರಬಂದ ಡೀಸೆಲ್. ಮೂರೂ ಬಿಳಿಯೇ, ಮೂರಕ್ಕೂ ಮದ್ದು ಬೇರೆ ಬೇರೆ.

ಇನ್ನು ನಾನು ಕಂಡ ಪ್ರಯೋಗದ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಳಿವೆಯೊಂದರಲ್ಲಿ ಜನರನ್ನು ಆಚೆ ದಡಕ್ಕೆ ಒಯ್ಯುವ ಮರದ ಲಾಂಚು ಇಟ್ಟುಕೊಂಡಿದ್ದನು. ಅದರ ಇಂಜಿನಿಗೆ ಮೂವತ್ತು ವರ್ಷ ಮೀರಿತ್ತು. ಒಂದು ಬೇಸಗೆಯಲ್ಲಿ ಅದು ವೇಗ ಕಳೆದುಕೊಂಡಿತು, ಎಕ್ಸಲರೇಟರನ್ನು ಎಷ್ಟು ಒತ್ತಿದರೂ ಒಂದು ಮಟ್ಟದ ಮೇಲೆ ಏರದು, ಕಪ್ಪು ಹೊಗೆ, ಅರ್ಧ ತಾಸಿನಲ್ಲಿ ಬಿಸಿ. ನೋಡಿದ ಇಬ್ಬರಲ್ಲಿ ಒಬ್ಬರು ಎಣ್ಣೆಯ ಪಂಪನ್ನು ಬದಲಿಸಬೇಕೆಂದರು. ಇನ್ನೊಬ್ಬರು ಇಂಜಿನನ್ನೇ ಇಳಿಸಿ ಪೂರ್ತಿ ಬಿಚ್ಚಬೇಕೆಂದರು. ಎರಡನೆಯ ಸಲಹೆಯಂತೆ ನಡೆದಿದ್ದರೆ ಅವನ ಒಂದು ವರ್ಷದ ಸಂಪಾದನೆ ಅದಕ್ಕೇ ಹೋಗುತ್ತಿತ್ತು. ಕೊನೆಗೆ ಆ ಮುದಿ ಫಿಟ್ಟರನ್ನು ಕರೆತಂದನು. ಆ ದಿನ ನಾನೂ ಧಕ್ಕೆಯ ಮೇಲಿದ್ದೆ.

ಅವರು ಬಂದವರು ಇಂಜಿನಿನ ಬಳಿಗೆ ಹೋಗಲೇ ಇಲ್ಲ. ಲಾಂಚನ್ನು ಧಕ್ಕೆಗೆ ಬಿಗಿಯಾಗಿ ಕಟ್ಟಿಸಿ, ಇಂಜಿನು ಚಾಲೂ ಮಾಡಿಸಿ, ಹಿಂಬದಿಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಹೊಗೆಯ ಬಾಯನ್ನೇ ನೋಡತೊಡಗಿದರು. ನಾನು ಕಾರಣ ಕೇಳಿದೆ.

“ಹೊಟ್ಟೆ ಕೊಯ್ಯುವ ಮೊದಲು ಮೂಗು ನೋಡಬೇಕಲ್ಲ, ಮಾಷ್ಟ್ರೇ. ಬಿಚ್ಚುವುದು ಸುಲಭ. ಬಿಚ್ಚಿದ ಮೇಲೆ ಹತ್ತು ದೋಷ ಕಾಣ್ತದೆ, ಯಾವುದರಿಂದ ಕಾಯಿಲೆ ಬಂದದ್ದು ಅಂತ ಗೊತ್ತಾಗುವುದಿಲ್ಲ,” ಎಂದರು.

ಮುಂದಿನದು ಹೊರಗಿನಿಂದ ಒಳಕ್ಕೆ, ಒಂದೊಂದೇ ಹೆಜ್ಜೆ. ಬಾಯಿಂದ ಬೀಳುವ ನೀರು ಉಗುಳುಗುಳಾಗಿ ಧಾರಾಳವಾಗಿ ಬರಬೇಕಿತ್ತು. ಬರುತ್ತಿದ್ದದ್ದು ಸಣ್ಣ ಎಳೆ. ನೀರು ಒಳಕ್ಕೇ ಬರುತ್ತಿಲ್ಲವೋ, ಬಂದದ್ದು ಹೊರಗೆ ಹೋಗುತ್ತಿಲ್ಲವೋ? ಇಂಜಿನು ನಿಲ್ಲಿಸಿ, ದೋಣಿಯ ತಳದಲ್ಲಿ ಕಡಲ ನೀರು ಒಳಸೇರುವ ನಲ್ಲಿಯನ್ನು ನೋಡಿದರು; ತೆರೆದೇ ಇತ್ತು. ಅದರ ಮುಂದಿನ ಜರಡಿಯಲ್ಲಿ ಒಂದಿಷ್ಟು ಪಾಚಿ, ಒಂದು ಪ್ಲಾಸ್ಟಿಕ್ಕಿನ ಚೂರು, ತೆಗೆದು ತೊಳೆದದ್ದಾಯಿತು. ಆಮೇಲೆ ನಲ್ಲಿ ಮುಚ್ಚಿ ಪಂಪನ್ನು ಬಿಚ್ಚಿದರು. ಒಳಗಿನ ರಬ್ಬರಿನ ಚಕ್ರದ ದಳಗಳನ್ನು ಎಣಿಸಿದರು, ಎಲ್ಲವೂ ಇದ್ದುವು. ಒಂದು ದಳ ಮುರಿದಿದ್ದರೂ ಹೊಸ ಚಕ್ರ ಹಾಕಿದರೆ ಸಾಲದು, ಮುರಿದ ತುಂಡನ್ನು ಹುಡುಕಿ ತೆಗೆಯಲೇಬೇಕು, ಇಲ್ಲದಿದ್ದರೆ ಅದು ಮುಂದಿನ ಕೊಳವೆಯಲ್ಲಿ ಕುಳಿತು ಮತ್ತೆ ನೀರು ಕಟ್ಟುತ್ತದೆ ಎಂದು ಜೊತೆಗಿದ್ದ ಹುಡುಗನಿಗೆ ಹೇಳಿದರು. ಪಂಪು ಸರಿ, ನೀರು ತಣಿಸುವ ಪೆಟ್ಟಿಗೆಯೂ ಸರಿ. ಉಳಿದದ್ದು ಬೆಂಡು.

ಇಂಜಿನು ಆರಿದ ಮೇಲೆ ಬೆಂಡನ್ನು ಬಿಚ್ಚಿ ಬಿಸಿಲಿಗೆ ಹಿಡಿದರು. ಮೂರು ಬೆರಳು ಸರಾಗವಾಗಿ ಹೋಗಬೇಕಾದ ದಾರಿಯಲ್ಲಿ ಕಿರುಬೆರಳು ಸಹ ತೂರಲಿಲ್ಲ. ಹಳೆಯ ಅಡಿಗೆಮನೆಯ ಅಟ್ಟದಲ್ಲಿ ಇಲ್ಲಣ ಕಟ್ಟುವುದನ್ನು ನಾವು ಕಂಡಿದ್ದೇವೆ. ಇದು ಉಪ್ಪು ಬೆರೆತು ಕಲ್ಲಾದ ಇಲ್ಲಣ. ನೀರು ಚಿಮ್ಮುವ ರಂಧ್ರಗಳೂ ಅರ್ಧ ಮುಚ್ಚಿದ್ದುವು. ಹೊಗೆ ಹೋಗದೆ ಇಂಜಿನು ಕಟ್ಟುಸಿರು ಬಿಡುತ್ತಿದ್ದುದಕ್ಕೂ, ನೀರು ಸಾಲದೆ ಬಿಸಿಯಾಗುತ್ತಿದ್ದುದಕ್ಕೂ ಕಾರಣ ಈ ಒಂದು ತುಂಡು ಕಬ್ಬಿಣವೇ ಆಗಿತ್ತು. ಎಣ್ಣೆಯ ಪಂಪಿನಲ್ಲಿ ದೋಷವೇನೂ ಇರಲಿಲ್ಲ.

ಕೆರೆದು ಶುಚಿ ಮಾಡಿ ಮತ್ತೆ ಹಾಕಬಹುದಲ್ಲವೆ ಎಂದು ನನ್ನ ವಿದ್ಯಾರ್ಥಿ ಕೇಳಿದನು. ಫಿಟ್ಟರು ಉತ್ತರ ಕೊಡದೆ ಸಣ್ಣ ಸುತ್ತಿಗೆಯಿಂದ ಬೆಂಡಿನ ಮೈಯನ್ನು ಸುತ್ತಲೂ ಬಡಿದರು. ಹೆಚ್ಚಿನ ಕಡೆ ಗಂಟೆಯಂತೆ ನಾದ ಬಂತು. ಅಡಿಭಾಗದಲ್ಲಿ ಒಡಕು ಮಡಕೆಯ ಸದ್ದು. ತಿರುಗಿಸಿ ನೋಡಿದರೆ ಅಲ್ಲೊಂದು ಸೂಜಿಮೊನೆಯಷ್ಟು ತೂತು. ಅದರ ನೇರಕ್ಕೆ ಮರದ ಹಲಗೆಯ ಮೇಲೆ ಕಾಡಿಗೆ ತೀಡಿದಂತೆ ಒಂದು ಕಪ್ಪು ಗೆರೆ. ಹಲಗೆಯ ಆಚೆ ಬದಿಯಲ್ಲಿ ಲಾಂಚಿನ ಹುಡುಗ ಮಲಗುವ ಜಾಗ. ಫಿಟ್ಟರ ಮುಖ ಗಂಭೀರವಾಯಿತು.

“ತಲೆನೋವು ಉಂಟೋ ನಿನಗೆ?” ಎಂದು ಹುಡುಗನನ್ನು ಕೇಳಿದರು.

“ಹೌದು, ಒಳಗೆ ಮಲಗಿದಾಗ ಬರ್ತದೆ. ವಾಕರಿಕೆಯೂ ಬರ್ತದೆ. ಅಲೆಯ ಮೇಲೆ ಪಿತ್ತ ಕೆರಳುವುದು ಅಂತ ಮಾಡಿದ್ದೆ.”

“ಮೇಲೆ ಗಾಳಿಗೆ ಬಂದರೆ ಹೋಗ್ತದೋ?”

“ಸ್ವಲ್ಪ ಹೊತ್ತಿನಲ್ಲಿ ಹೋಗ್ತದೆ.”

“ಅದು ಪಿತ್ತ ಅಲ್ಲ ಮಗಾ,” ಎಂದು ಅವರು ಬೆಂಡನ್ನು ಗುಜರಿಯ ಬುಟ್ಟಿಗೆ ಹಾಕಿದರು. ಹೊಸ ಬೆಂಡು, ಹೊಸ ಗ್ಯಾಸ್ಕೆಟ್ ಬರುವ ತನಕ ಲಾಂಚು ಧಕ್ಕೆ ಬಿಡಲಿಲ್ಲ.

ನಾವು ಪಾಠದಲ್ಲಿ ಓದಿದ ಇನ್ನೊಂದು ದೃಷ್ಟಾಂತ ಆಗ ನನಗೆ ನೆನಪಾಯಿತು. ಹೊಗೆ ಇರುವಲ್ಲೆಲ್ಲ ಬೆಂಕಿ ಇದೆ, ನಿಜ. ಆದರೆ ಬೆಂಕಿ ಇರುವಲ್ಲೆಲ್ಲ ಹೊಗೆ ಇದೆಯೆನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಕಣ್ಣಿಗೆ ಹೊಗೆ ಕಾಣದ ಮಾತ್ರಕ್ಕೆ ಅಪಾಯವಿಲ್ಲವೆಂದು ತೀರ್ಮಾನಿಸುವವನು ಈ ಗುಂಡನ್ನು ಕೈಯಲ್ಲಿ ಹಿಡಿದಂತೆ. ಇಂಜಿನಿನ ಉಸಿರಿನಲ್ಲಿ ಕೊಲ್ಲುವ ವಸ್ತು ನಮಗೆ ಕಾಣುವ ಮಸಿಯಲ್ಲ. ಅದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕದ ಪೀಠದಲ್ಲಿ ಅದು ಬಂದು ಕುಳಿತಿತೆಂದರೆ ಬೇಗ ಏಳುವುದಿಲ್ಲ. ಮನುಷ್ಯ ಉಸಿರಾಡುತ್ತಲೇ ಉಸಿರುಗಟ್ಟುತ್ತಾನೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಇದರ ಮರ್ಮವನ್ನು ಕಂಡುಹಿಡಿದನು. ೧೮೯೦ರ ದಶಕದಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಈ ಅನಿಲವನ್ನು ತಾನೇ ಸೇವಿಸಿ ಅದರ ಪರಿಣಾಮಗಳನ್ನು ಅಳೆದನು. ಗಣಿಗಳಲ್ಲಿ ಸಣ್ಣ ಪ್ರಾಣಿಗಳನ್ನು ಎಚ್ಚರಿಕೆಯ ಗಂಟೆಯಾಗಿ ಬಳಸಲು ಸೂಚಿಸಿದನು. ಬ್ರಿಟಿಷ್ ಗಣಿಗಳಲ್ಲಿ ಪಂಜರದ ಕೆನೇರಿ ಹಕ್ಕಿಗಳು ೧೯೮೬ರ ವರೆಗೂ ಆ ಕೆಲಸ ಮಾಡುತ್ತಿದ್ದುವು.

ಡೀಸೆಲ್ ಇಂಜಿನು ಸುಸ್ಥಿತಿಯಲ್ಲಿರುವಾಗ ಈ ವಿಷವನ್ನು ಪೆಟ್ರೋಲ್ ಇಂಜಿನಿಗಿಂತ ಬಹಳ ಕಡಿಮೆ ಉಗುಳುತ್ತದೆ. ಆದರೆ ಉಸಿರು ಕಟ್ಟಿ ಕಪ್ಪು ಹೊಗೆ ಬಿಡುವಾಗ ಅದರ ಪ್ರಮಾಣವೂ ಏರುತ್ತದೆ. ಮುಚ್ಚಿದ ಕೋಣೆಯಲ್ಲಿ ಅಷ್ಟೇ ಸಾಕು. ಪೆಟ್ರೋಲ್ ಇಂಜಿನಿನ ದೋಣಿಗಳಲ್ಲಿ ಭಯ ಇನ್ನೂ ಹೆಚ್ಚು. ೨೦೦೦ದ ಆಗಸ್ಟಿನಲ್ಲಿ ಅಮೆರಿಕದ ಪೊವೆಲ್ ಸರೋವರದಲ್ಲಿ ಇಬ್ಬರು ಬಾಲಕರು, ಒಡಹುಟ್ಟಿದವರು, ಮನೆದೋಣಿಯ ಹಿಂಬದಿಯಲ್ಲಿ ಈಜುತ್ತಿದ್ದಾಗ ಸತ್ತರು. ದೋಣಿಯ ವಿದ್ಯುತ್ ಯಂತ್ರದ ಹೊಗೆಕೊಳವೆ ಅಲ್ಲಿ, ಹಲಗೆಯ ಅಡಿಗೆ, ತೆರೆದುಕೊಂಡಿತ್ತು. ಆ ಮೇಲೆ ನಡೆದ ಪರಿಶೀಲನೆಯಲ್ಲಿ, ಮುಳುಗಿ ಸತ್ತರೆಂದು ಬರೆದುಕೊಂಡಿದ್ದ ಹಲವು ಹಳೆಯ ಸಾವುಗಳಿಗೂ ಈ ಅನಿಲವೇ ಕಾರಣವೆಂದು ತಿಳಿದುಬಂತು. ಬಯಲಿನಲ್ಲೂ ವಿಷ ಕವಿಯಬಹುದು ಎಂಬುದಕ್ಕೆ ಇದು ಸಾಕ್ಷಿ. ಸಾಗುವ ದೋಣಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಹೊರಬಿಟ್ಟ ಹೊಗೆ ಮರಳಿ ಹಿಂಬಾಗಿಲಿನಿಂದ ಒಳಕ್ಕೆ ಸೆಳೆಯಲ್ಪಡುವುದೂ ಉಂಟು; ಆಗ ಹಿಂಬದಿಯನ್ನು ಮಾತ್ರ ತೆರೆದಿಡದೆ, ಮುಂಬದಿಯ ಕಿಟಕಿಯನ್ನೂ ತೆರೆದು ಗಾಳಿ ಹಾಯುವಂತೆ ಮಾಡಬೇಕು. ಈಗ ಹಕ್ಕಿಯ ಪಂಜರದ ಬದಲು ಅಂಗೈಯಗಲದ ವಿದ್ಯುತ್ ಸೂಚಕಗಳು ದೊರೆಯುತ್ತವೆ. ಮಲಗುವ ಕೋಣೆಯಲ್ಲಿ ಒಂದನ್ನು ತೂಗುಹಾಕುವುದು ದೊಡ್ಡ ಖರ್ಚೇನಲ್ಲ.

ಬೆಂಡು ಇನ್ನೊಂದು ಬಗೆಯಲ್ಲೂ ಕೆಡುಕು ಮಾಡಬಲ್ಲದು. ಹೊಗೆ ಹೊರಗೆ ಹೋಗುವ ದಾರಿಯಲ್ಲೇ ಕಡಲು ಒಳಕ್ಕೆ ಬರಬಹುದು. ಇಂಜಿನು ನೀರಿನ ಮಟ್ಟಕ್ಕಿಂತ ಕೆಳಗಿದ್ದಾಗ, ನಿಲ್ಲಿಸಿದ ಮೇಲೂ ಕೊಳವೆಯಲ್ಲಿ ನೀರು ತಾನಾಗಿ ಸೆಳೆದುಕೊಂಡು ಬಂದು ಸೈಲೆನ್ಸರನ್ನು ತುಂಬಿಸಿ, ತೆರೆದ ಕವಾಟದ ಮೂಲಕ ಸಿಲಿಂಡರಿಗೆ ಇಳಿಯುವುದುಂಟು. ಇದನ್ನು ತಡೆಯಲು ನೀರಿನ ಕೊಳವೆಯನ್ನು ಎತ್ತರಕ್ಕೆ ಕಮಾನಿನಂತೆ ಬಾಗಿಸಿ, ನೆತ್ತಿಯಲ್ಲಿ ಗಾಳಿ ಸೇದುವ ಸಣ್ಣ ಕವಾಟವಿಡುತ್ತಾರೆ. ಉಪ್ಪು ಕಟ್ಟಿ ಅದು ಅಂಟಿಕೊಂಡರೆ ಇದ್ದೂ ಇಲ್ಲದಂತೆ. ಇಂಜಿನು ಹೊತ್ತಿಕೊಳ್ಳದೆ ಹಟ ಹಿಡಿದಾಗ ಮತ್ತೆ ಮತ್ತೆ ಸ್ಟಾರ್ಟರ್ ಒತ್ತುವುದೂ ಇಷ್ಟೇ ಅಪಾಯಕರ: ಪ್ರತಿ ಸುತ್ತಿಗೂ ಪಂಪು ನೀರು ತುಂಬುತ್ತದೆ, ಅದನ್ನು ಹೊರದೂಡುವ ಹೊಗೆಯೋ ಇನ್ನೂ ಹುಟ್ಟಿಲ್ಲ. ಅಂಥ ವೇಳೆ ಕಡಲ ನೀರಿನ ನಲ್ಲಿಯನ್ನು ಮುಚ್ಚಿ ಯತ್ನಿಸಬೇಕು. ಇಂಜಿನು ಹೊತ್ತಿದ ಕೂಡಲೇ ಮರೆಯದೆ ತೆರೆಯಬೇಕು. ಸಿಲಿಂಡರಿಗೆ ಉಪ್ಪುನೀರು ಇಳಿದದ್ದು ಖಚಿತವಾದರೆ ಬಲವಂತದಿಂದ ತಿರುಗಿಸಬಾರದು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕಬ್ಬಿಣದ ಕೂಡುಗೋಲೇ ಬಾಗುತ್ತದೆ. ನಾಝಲುಗಳನ್ನು ಬಿಚ್ಚಿ ನೀರನ್ನು ಹೊರಹಾಕಿ, ಎಣ್ಣೆ ಬಿಟ್ಟು, ಕೀಲೆಣ್ಣೆಯನ್ನು ಬದಲಿಸಿ, ಅದೇ ದಿನ ಇಂಜಿನನ್ನು ನಡೆಸಬೇಕು. ನಾಳೆ ಎಂದರೆ ತುಕ್ಕು ಕಾಯುವುದಿಲ್ಲ.

ಒಣದಾರಿಯ ದೋಣಿಗಳಿಗೆ ಈ ನೀರಿನ ಕಾಟ ಕಡಿಮೆ. ಆದರೆ ಹೊದಿಕೆ ಹರಿದ ಕಡೆ ಮರ ಕಮರುವ ಭಯ, ಇಂಜಿನಿನ ನಡುಕಕ್ಕೆ ಬೆಸುಗೆ ಬಿರಿಯುವ ಭಯ, ತೆರೆದ ಬಾಯಿಂದ ಮಳೆನೀರು ಇಳಿಯುವ ಭಯ ಅವಕ್ಕುಂಟು. ಹಳೆಯ ಹೊದಿಕೆಗಳಲ್ಲಿ ಕಲ್ನಾರು ಇರುವುದು ಸಾಮಾನ್ಯ. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಕೈಗೆ ಬಂದಂತೆ ಕಿತ್ತೆಸೆಯಬಾರದು.

ನಮ್ಮ ಕರಾವಳಿಯಲ್ಲಿ ಈಗ ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಯಾಂತ್ರಿಕ ಮೀನುಗಾರಿಕೆಗೆ ಬಿಡುವು. ದೋಣಿಗಳು ದಡ ಸೇರುತ್ತವೆ. ಬಲೆ ನೇಯುವವರು, ಬಣ್ಣ ಬಳಿಯುವವರು, ಇಂಜಿನು ಬಿಚ್ಚುವವರು ತುಂಬುತ್ತಾರೆ. ಬಣ್ಣಕ್ಕೆ ಕೊಡುವ ಗಮನದಲ್ಲಿ ಸ್ವಲ್ಪ ಪಾಲನ್ನು ಬೆಂಡಿಗೂ ಕೊಟ್ಟರೆ ಒಳ್ಳೆಯದು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಒಳಗೆ ದೀಪ ಹಿಡಿದು ನೋಡಿ, ಸುತ್ತಿಗೆಯಿಂದ ಬಡಿದು ಕೇಳಿ, ರಬ್ಬರಿನ ಕೊಳವೆಯನ್ನು ಹಿಚುಕಿ ಅದರ ಪದರ ಬಿಟ್ಟಿದೆಯೇ ಎಂದು ಪರೀಕ್ಷಿಸುವುದು ಒಂದು ಪೂರ್ವಾಹ್ನದ ಕೆಲಸ. ದಿನದಿನದ ಕೆಲಸವಾದರೋ ಇನ್ನೂ ಕಿರಿದು: ಇಂಜಿನು ಚಾಲೂ ಮಾಡಿದೊಡನೆ ಹಿಂಬದಿಗೆ ಹೋಗಿ ನೀರು ಎಷ್ಟು ಬೀಳುತ್ತಿದೆ, ಹೊಗೆಯ ಬಣ್ಣವೇನು ಎಂದು ಒಂದು ನಿಮಿಷ ನೋಡುವುದು. ನಿನ್ನೆಯದು ನೆನಪಿದ್ದವನಿಗೆ ಇಂದಿನ ವ್ಯತ್ಯಾಸ ತಾನಾಗಿ ಕಾಣುತ್ತದೆ. ಒಳಗೆ ಮಲಗಿದ್ದವರು ತಲೆನೋವೆಂದು ಎದ್ದುಬಂದರೆ, ಮೊದಲು ಇಂಜಿನು ನಿಲ್ಲಿಸಿ ಅವರನ್ನು ಗಾಳಿಗೆ ತರಬೇಕು; ತೂತು ಹುಡುಕುವ ಕೆಲಸವೆಲ್ಲ ಆ ಬಳಿಕ.